ನೇಕಾರ ಹತ್ತಿದ ಬೆಟ್ಟ

“ಗುರುಗಳೇ, ಈ ದಾರಿಯಲ್ಲಿ ಇಷ್ಟು ವರ್ಷ ನಡೆದೂ ನನಗೆ ದಣಿವೊಂದೇ ಯಾಕೆ ಉಳಿದಿದೆ?” ಎಂದು ಮಹಾಂತ ಕೇಳಿದ.

ಹೆಂಡತಿ ಮಗಳನ್ನು ಬಿಟ್ಟು ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಜಪ ತಪ್ಪಿಸಿದವನಲ್ಲ, ಉಪವಾಸ ಮುರಿದವನಲ್ಲ. ಆದರೂ ಬೆಳಿಗ್ಗೆ ಏಳುವಾಗಲೇ ಅವನು ದಣಿದಿರುತ್ತಿದ್ದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮಗಳಿಗೆ ಜ್ವರ ಬಂದು ಹದಿನಾಲ್ಕು ದಿನವಾದರೂ ಬಿಡಲಿಲ್ಲ. ಮಗು ಉಳಿದರೆ ಮನೆಯವರೆಲ್ಲ ಕೂಡಿ ಬೆಟ್ಟದ ನೆತ್ತಿಗೆ ಬಂದು ದೇವರಿಗೆ ಕೈ ಮುಗಿಯುತ್ತೇವೆ ಎಂದು ಅವನು ಹರಕೆ ಹೊತ್ತ. ಮಗು ಉಳಿಯಿತು.

ಬೇಸಿಗೆಯಲ್ಲಿ ಅವರು ಹೊರಟರು. ನೇಕಾರ, ಅವನ ಹೆಂಡತಿ, ಮಗಳು, ಮುದುಕಿಯಾದ ತಾಯಿ. ಆ ಬೆಟ್ಟಕ್ಕೆ ಮೆಟ್ಟಿಲಿರಲಿಲ್ಲ. ಅರ್ಧದವರೆಗೆ ಕಾಲುದಾರಿ, ಆಮೇಲೆ ಬರೀ ಬಂಡೆ. ಕೈಯನ್ನೂ ಕಾಲು ಮಾಡಿಕೊಂಡು ಹತ್ತಬೇಕು. ತಾಯಿ ಕೂತು ಕೂತು, ಹಿಂದಕ್ಕೆ ಕೈಯೂರಿ, ಮೈಯನ್ನು ಮೇಲಕ್ಕೆ ಎಳೆದುಕೊಂಡಳು. ಮಗುವಿನ ಅಂಗಾಲಲ್ಲಿ ಬೊಬ್ಬೆ ಎದ್ದಿತು. ಇನ್ನೆಷ್ಟು ದೂರ ಎಂದು ಕೇಳಿದಾಗಲೆಲ್ಲ ನೇಕಾರ, “ಇಗೋ, ಇಷ್ಟೇ,” ಎನ್ನುತ್ತಿದ್ದ. ಒಂದು ಬಂಡೆ ಏರಿದರೆ ಅದರಾಚೆ ಮತ್ತೊಂದು ನಿಂತಿರುತ್ತಿತ್ತು. ನಾಲ್ಕನೆಯ ಸಲದ ಮೇಲೆ ಯಾರೂ ಕೇಳಲಿಲ್ಲ.

ನೆತ್ತಿ ಕಾಣಿಸುವಷ್ಟು ಹತ್ತಿರ ಬಂದಾಗ ಮಗು ಜಾರಿತು. ಹೆಂಡತಿ ಅದರ ಲಂಗ ಹಿಡಿದಳು. ಇಬ್ಬರೂ ಒಂದಾಳುದ್ದ ಉರುಳಿ ಒಂದು ಚಪ್ಪಡಿಯ ಮೇಲೆ ಬಿದ್ದರು. ಅವಳ ಅಂಗೈ ಕಿತ್ತುಹೋಗಿತ್ತು. ಮಗುವನ್ನು ತೊಡೆಗೆ ಎಳೆದುಕೊಂಡು ಅಲ್ಲೇ ಕೂತಳು.

“ನಾನಿನ್ನು ಬರುವುದಿಲ್ಲ,” ಎಂದಳು.

“ಎಲ್ಲರೂ ಬರುತ್ತೇವೆ ಅಂತ ದೇವರಿಗೆ ಮಾತು ಕೊಟ್ಟಿದ್ದೇನೆ ಕಣೇ.”

“ಮಾತು ಕೊಟ್ಟವರು ನೀವು. ಅತ್ತೆ ಹೇಗೆ ಉಸಿರಾಡುತ್ತಿದ್ದಾರೆ, ಒಂದು ಸಲ ತಿರುಗಿ ನೋಡಿ.”

ಅವನು ತಿರುಗಲಿಲ್ಲ. ನೋಡಿದರೆ ತಾನೂ ಕೂರಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಬ್ಬನೇ ಹತ್ತಿಹೋದ.

ನೆತ್ತಿಯ ಮೇಲೆ ಬಯಲುಬಂಡೆ. ಯಾರೋ ನಿಲ್ಲಿಸಿದ ಒಂದು ಕಲ್ಲು, ಅದಕ್ಕೆ ಮೆತ್ತಿ ಒಣಗಿದ ಅರಿಸಿನ. ಗಾಳಿ ಬೀಸುತ್ತಿತ್ತು. ಇಲ್ಲಿಗೆ ಬಂದರೆ ಏನೋ ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಗಂಟಲು ಒಣಗಿ ಕೈ ತಾನಾಗಿ ಹೆಗಲಿಗೆ ಹೋಯಿತು. ನೀರಿನ ಸೋರೆಬುರುಡೆ ಹೆಗಲಲ್ಲೇ ಇತ್ತು. ನಾಲ್ವರಿಗೂ ಇದ್ದ ನೀರು ಅದೊಂದೇ. ಆ ಮೂವರು ಕಾದ ಬಂಡೆಯ ಮೇಲೆ ಬಿಸಿಲಿನಲ್ಲಿ ಕೂತಿದ್ದರು.

ತುಟಿಗೆ ತಾಗಿಸಿದ ಬುರುಡೆಯನ್ನು ಅವನು ಇಳಿಸಿದ. ನೀರು ಕುಡಿಯಲಿಲ್ಲ. ಕೈ ಮುಗಿಯುವುದೂ ನೆನಪಾಗಲಿಲ್ಲ.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಬಂಡೆಗೆ ಎದೆ ಆನಿಸಿ, ಕಾಲಲ್ಲಿ ತಡಕುತ್ತ ಇಳಿದ. ಎರಡು ಸಲ ಜಾರಿದ. ಎರಡು ಸಲವೂ ಮೊದಲು ಬುರುಡೆಯನ್ನೇ ಹಿಡಿದುಕೊಂಡ. ಬಂದು ನೋಡಿದರೆ ತಾಯಿ ಮಗ್ಗುಲಾಗಿ ಬಿದ್ದಿದ್ದಳು, ಕಣ್ಣು ಅರೆಮುಚ್ಚಿತ್ತು. ಮಗು ಅಜ್ಜಿಯ ಸೆರಗನ್ನೇ ಅವಳ ಮುಖಕ್ಕೆ ಹಿಡಿದು ನೆರಳು ಮಾಡಿತ್ತು.

ಹೆಂಡತಿ ಬುರುಡೆ ಇಸಿದುಕೊಂಡಳು. ಅತ್ತೆಯ ತುಟಿ ಒದ್ದೆ ಮಾಡಿದಳು. ಹನಿ ಹನಿಯಾಗಿ ಬಿಟ್ಟಳು. ಬಹಳ ಹೊತ್ತಿನ ಮೇಲೆ ಮುದುಕಿ ಒಂದು ಗುಟುಕು ನುಂಗಿದಳು. ಆಮೇಲೆ ಮಗು ಕುಡಿಯಿತು, ಆಮೇಲೆ ಅವಳು. ಕೊನೆಗೆ ಗಂಡನ ಮುಂದೆ ಹಿಡಿದಳು. ಅವನ ಪಾಲು ಉಳಿದಿತ್ತು.

ತಾಯಿಯನ್ನು ಬೆನ್ನಿಗೆ ಹೊತ್ತು ಅವನು ಬೆಟ್ಟ ಇಳಿದ. ಅವಳು ಎದ್ದು ಓಡಾಡಲು ಒಂದು ತಿಂಗಳು ಹಿಡಿಯಿತು. ಮನೆಯಲ್ಲಿ ಹರಕೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಆದರೆ ಮಗ್ಗದಲ್ಲಿ ಕೂತಾಗ ಅವನ ಕೈ ಒಮ್ಮೊಮ್ಮೆ ನಿಂತುಬಿಡುತ್ತಿತ್ತು. “ಅವ್ವಾ,” ಎಂದು ಒಳಮನೆಯತ್ತ ಕೂಗುತ್ತಿದ್ದ. “ಏನಪ್ಪಾ?” ಎಂದು ಅವಳು ಓಗೊಟ್ಟ ಮೇಲೆ ಮತ್ತೆ ಲಾಳಿ ಎಸೆಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಅವನ ಹರಕೆ ತೀರಿತೇ, ಗುರುಗಳೇ?” ಎಂದು ಮಹಾಂತ ಕೇಳಿದ.

“ನಿನ್ನ ಹೆಂಡತಿ ಮಗಳಿರುವ ಊರಿಗೆ ಇಲ್ಲಿಂದ ಎಷ್ಟು ದಿನದ ದಾರಿ?” ಎಂದರು ಗುರುಗಳು.