ಮನೆ ಮುಂದೆ ಕಿವುಡಾದ ಕಾರು

"ಬುದ್ಧಿ, ಎಲ್ಲರ ಮಾತು ಕೇಳುವವನು ನನ್ನ ಮಾತು ಮಾತ್ರ ಏಕೆ ಕೇಳುವುದಿಲ್ಲ?"

ಸ್ವಾಮಿಗಳನ್ನು ಹೀಗೆ ಕೇಳಿದವನು ಮರುಳಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ದೂರು ಅಡುಗೆಯ ಚನಮಲ್ಲಪ್ಪನ ಮೇಲೆ. ಹದಿನೈದು ದಿನದ ಹಿಂದೆ ಚನಮಲ್ಲಪ್ಪ ಮರೆತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದ. ಮರುಳಯ್ಯ ಊಟಕ್ಕೆ ಕೂತವರ ಎದುರೇ ಅವನ ಮಾನ ಕಳೆದಿದ್ದ. ಅಂದಿನಿಂದ ಇಬ್ಬರಿಗೂ ಸರಿ ಇರಲಿಲ್ಲ.

"ತಾವು ಹೇಳಿದರೆ ಕೇಳುತ್ತಾನೆ. ಸೌದೆ ತರುವವನು ಹೇಳಿದರೂ ಕೇಳುತ್ತಾನೆ. ನಾನು ಬಾಯಿ ತೆರೆದರೆ ಕಂಬದ ಹಾಗೆ ನಿಲ್ಲುತ್ತಾನೆ. ಅವನಲ್ಲೇ ಏನೋ ಕೆಟ್ಟಿದೆ. ನನಗೆ ಸಾಕಾಗಿ ಹೋಗಿದೆ ಬುದ್ಧಿ, ನಾಳೆ ಅವನನ್ನು ಊರಿಗೆ ಕಳಿಸಿಬಿಡಿ."

ಸ್ವಾಮಿಗಳು ಕೂತುಕೋ ಎಂದು ಕೈ ತೋರಿಸಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೆಟ್ಟವನಲ್ಲಪ್ಪ, ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ. ಅವನಿಗೆ ಒಬ್ಬ ಡ್ರೈವರ್ ಇದ್ದ. ಹದಿನಾಲ್ಕು ವರ್ಷದಲ್ಲಿ ಮೂರು ಕಾರು ಬದಲಾದವು, ಡ್ರೈವರ್ ಬದಲಾಗಲಿಲ್ಲ. ಮೂರನೆಯ ಕಾರಿಗೆ ರಿಮೋಟ್ ಕೀ ಬಂತು. ದೂರದಿಂದ ಗುಂಡಿ ಒತ್ತಿದರೆ ಸಾಕು, ಕಾರು ಕುಂಯ್ ಅಂದು ಬೀಗ ತೆಗೆದುಕೊಳ್ಳುತ್ತಿತ್ತು. ಆ ಕುಂಯ್ ಕೇಳಿದರೆ ವ್ಯಾಪಾರಿಗೆ ಬಲು ಖುಷಿ. ಈ ಮನೆಯಲ್ಲಿ ಒಂದೇ ಸಲಕ್ಕೆ ನನ್ನ ಮಾತು ಕೇಳುವುದು ಇದೊಂದೇ ಎಂದು ಹೆಂಡತಿಯ ಎದುರಿಗೇ ಹೇಳುತ್ತಿದ್ದ.

ಆಯುಧ ಪೂಜೆ ಬಂತು. ಡ್ರೈವರ್ ಬೆಳಗಾಗೆದ್ದು ಕಾರು ತೊಳೆದ, ಹಾರ ಹಾಕಿದ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಕಾರು ಹತ್ತಿಸಿದ. ಗೇಟಿನ ಮುಂದೆ ನಿಲ್ಲಿಸಿ, ಗುಂಡಿ ಒತ್ತಿ ಬೀಗ ಹಾಕಿ, ಕೀ ಕೊಟ್ಟು ಹಬ್ಬದ ಊಟಕ್ಕೆ ಮನೆಗೆ ಹೋದ. ಆಮೇಲೆ ವ್ಯಾಪಾರಿ ಗಂಧ ಕುಂಕುಮದ ತಟ್ಟೆ ಹಿಡಿದು ಹೊರಟ. ಅವನ ಮನೆಯಲ್ಲಿ ಗುಂಡಿ ಒತ್ತಿದರೆ ಓಡುವುದೆಲ್ಲ ಆಯುಧವೇ. ಮಿಕ್ಸಿಗೆ ಬೊಟ್ಟು, ಇಸ್ತ್ರಿ ಪೆಟ್ಟಿಗೆಗೆ ಬೊಟ್ಟು, ನೀರಿನ ಮೋಟರಿಗೆ ಬೊಟ್ಟು. ಕೊನೆಗೆ ಗೇಟಿನ ಕಂಬದಲ್ಲಿದ್ದ ಕಾಲಿಂಗ್ ಬೆಲ್ ಗುಂಡಿಯ ಮುಂದೆ ನಿಂತ. ಇದೂ ವರ್ಷವಿಡೀ ದುಡಿಯುತ್ತದೆ ಪಾಪ ಎಂದು, ತಟ್ಟೆಯಲ್ಲಿ ಉಳಿದ ಗಂಧವನ್ನೆಲ್ಲ ಬಳಿದು ಅದಕ್ಕೆ ಮೆತ್ತಿದ. ಮೇಲೆ ಕುಂಕುಮವಿಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ.

ಅದು ವೈರ್ ಇಲ್ಲದ ಬೆಲ್ಲು. ಗುಂಡಿ ಹೊರಗೆ ಕಂಬದಲ್ಲಿ, ಅದರ ಹೊಟ್ಟೆಯಲ್ಲೇ ಎರಡು ಸೆಲ್ಲು. ಸದ್ದು ಮಾಡುವ ಪೆಟ್ಟಿಗೆ ಒಳಗೆ ನಡುಮನೆಯ ಗೋಡೆಯಲ್ಲಿ. ಗಂಧ ಒಣಗುತ್ತಿದ್ದಂತೆ ಪೆಟ್ಟಿಗೆ ಟಿಂಗ್ ಟಾಂಗ್ ಎನ್ನತೊಡಗಿತು. ವ್ಯಾಪಾರಿ ಎದ್ದು ಹೋಗಿ ನೋಡಿದರೆ ಗೇಟಿನಲ್ಲಿ ಯಾರೂ ಇಲ್ಲ. ಬಂದು ಕೂತರೆ ಮತ್ತೆ ಟಿಂಗ್ ಟಾಂಗ್. ಹೋಳಿಗೆ ಊಟದ ನಡುವೆ ಮೂರು ಸಲ ಎದ್ದ. ನಾಲ್ಕನೆಯ ಸಲ ಗೋಡೆಯ ಪೆಟ್ಟಿಗೆಯನ್ನು ಪ್ಲಗ್ಗಿನಿಂದ ಕಿತ್ತು ಅಟ್ಟಕ್ಕೆ ಎಸೆದು, "ತೊಲಗಿತು ಪೀಡೆ" ಅಂದ. ಮನೆ ತಣ್ಣಗಾಯಿತು. ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೊರಟು ಕೀಯ ಗುಂಡಿ ಒತ್ತಿದ. ಕುಂಯ್ ಇಲ್ಲ. ಹತ್ತಿರ ಹೋಗಿ ಒತ್ತಿದ. ಗಾಜಿಗೆ ಹಚ್ಚಿ ಒತ್ತಿದ. ಕೀಯನ್ನು ಅಂಗೈಗೆ ಬಡಿದು ಒತ್ತಿದ. ಊಹೂಂ. ಕೊನೆಗೆ ಡ್ರೈವರ್ ಕೀಯೊಳಗೆ ಅಡಗಿದ್ದ ಕಬ್ಬಿಣದ ಕೀ ಎಳೆದು ಬಾಗಿಲು ತೆಗೆದ. ಕಳ್ಳ ಹೊಕ್ಕನೆಂದು ಕಾರು ಬೀದಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡಿತು. ಎದುರುಮನೆಯ ಕಿಟಕಿ ತೆರೆಯಿತು. ವ್ಯಾಪಾರಿಯ ಮುಖ ಕೆಂಪಗಾಯಿತು.

ಇಬ್ಬರೂ ನೇರ ಮೆಕ್ಯಾನಿಕ್ ಹತ್ತಿರ ಹೋದರು. ಮೆಕ್ಯಾನಿಕ್ ಗುಂಡಿ ಒತ್ತಿದ. ಕುಂಯ್! ಮತ್ತೆ ಒತ್ತಿದ. ಕುಂಯ್! "ಚೆನ್ನಾಗೇ ಇದೆಯಲ್ಲ ಸಾರ್" ಅಂದ. ಆದರೂ ಇರಲಿ ಎಂದು ಕೀಗೆ ಹೊಸ ಸೆಲ್ಲು ಹಾಕಿಕೊಟ್ಟ. ವ್ಯಾಪಾರಿ ಮನೆಗೆ ಬಂದು ಒತ್ತಿದರೆ ಕಾರು ಮಿಸುಕಲಿಲ್ಲ.

ಎರಡನೆಯ ದಿನ ಬೀರುವಿನಲ್ಲಿದ್ದ ಇನ್ನೊಂದು ಕೀ ತೆಗೆದ. ಅದಕ್ಕೂ ಕಾರು ಕಿವುಡು. ಕಾರಿನ ದೊಡ್ಡ ಬ್ಯಾಟರಿಯೇ ಸತ್ತಿರಬೇಕು ಎಂದು ಅದನ್ನೂ ಬದಲಾಯಿಸಿದ. ಬ್ಯಾಟರಿ ಅಂಗಡಿಯ ಮುಂದೆ ಕುಂಯ್, ಮನೆ ಮುಂದೆ ಮೌನ. ಮೂರನೆಯ ದಿನ ಶೋರೂಮಿಗೆ ಒಯ್ದ. ಅಲ್ಲಿಯವರು ಕಂಪ್ಯೂಟರಿಗೆ ಜೋಡಿಸಿ, ಕೀಗೂ ಕಾರಿಗೂ ಹೊಸದಾಗಿ ಪರಿಚಯ ಮಾಡಿಸಿದರು. ಅಲ್ಲಿ ಹತ್ತು ಸಲ ಒತ್ತಿದ, ಹತ್ತು ಸಲವೂ ಕುಂಯ್. "ಎಲ್ಲಿ ಕೆಲಸ ಮಾಡೋದಿಲ್ಲ ಸಾರ್?" ಎಂದು ಕೇಳಿದರು. "ನಮ್ಮ ಮನೆ ಮುಂದೆ" ಅಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ನಗು ಅವನಿಗೆ ಎದೆಗೇ ನಾಟಿತು.

ಮನೆಗೆ ಬಂದು ಒತ್ತಿದ. ಇಲ್ಲ. ವ್ಯಾಪಾರಿಗೆ ತಲೆ ಕೆಟ್ಟು ಹೋಯಿತು. ಸಿಟ್ಟು ಬಂದವನಿಗೆ ಕಾರಣಕ್ಕಿಂತ ಮೊದಲು ಒಬ್ಬ ಮನುಷ್ಯ ಬೇಕು ಮರುಳಯ್ಯ. ಅವನ ಕಣ್ಣು ಡ್ರೈವರ್ ಮೇಲೆ ಬಿತ್ತು.

"ಹಬ್ಬದ ದಿನ ಕಾರು ತೊಳೆಯುವಾಗ ಕೀ ನೀರಿಗೆ ಬೀಳಿಸಿದ್ದೀಯ. ಹೇಳದೆ ಮುಚ್ಚಿಟ್ಟಿದ್ದೀಯ."

"ಇಲ್ಲ ಯಜಮಾನ್ರೆ. ನೀರಿಗೆ ಬಿದ್ದು ಕೆಟ್ಟಿದ್ದರೆ ಎಲ್ಲ ಕಡೆಯೂ ಕೆಟ್ಟಿರಬೇಕಲ್ಲ. ಬೀರುವಿನಲ್ಲಿದ್ದ ಕೀಯೂ ಇಲ್ಲಿ ಕೆಲಸ ಮಾಡಲಿಲ್ಲ. ಕೆಟ್ಟಿರುವುದು ಕೀ ಅಲ್ಲ, ಇಲ್ಲಿ ಬೇರೆ ಏನೋ ಇದೆ. ಒಂದು ಸಲ ನಿಧಾನವಾಗಿ ನೋಡೋಣ."

ಸರಿಯಾದ ಮಾತು. ಆದರೆ ವ್ಯಾಪಾರಿಗೆ ಅದರಲ್ಲಿ ಕೇಳಿಸಿದ್ದು ಎದುರುತ್ತರ ಒಂದೇ. "ನನಗೇ ಪಾಠ ಹೇಳುತ್ತೀಯಾ? ನಾಳೆಯಿಂದ ನೀನು ಬರಬೇಡ" ಅಂದುಬಿಟ್ಟ. ಹದಿನಾಲ್ಕು ವರ್ಷ ಆ ಗೇಟಿನಲ್ಲಿ ನಿಂತವನು ಡ್ರೈವರ್. ವ್ಯಾಪಾರಿಯ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮೆಲ್ಲಗೆ ಕಾರು ಓಡಿಸಿಕೊಂಡು ಬಂದವನು. ಎರಡೂ ಕೀಗಳನ್ನು ಜಗಲಿಯ ಮೇಲಿಟ್ಟು ನಮಸ್ಕಾರ ಮಾಡಿ ಹೊರಟುಹೋದ.

ನಾಲ್ಕನೆಯ ದಿನ ಬೆಳಿಗ್ಗೆ ವ್ಯಾಪಾರಿ ಒಬ್ಬನೇ ಕಾರಿನ ಮುಂದೆ ನಿಂತು ಗುಂಡಿ ಒತ್ತುತ್ತಿದ್ದ. ಒತ್ತುವುದು, ಬೈಯುವುದು, ಮತ್ತೆ ಒತ್ತುವುದು. ಎದುರುಮನೆಯ ಟೀಚರಮ್ಮ ನೋಡಿ ನಿಂತರು.

"ನಿಮ್ಮದೂ ಹೀಗೇ ಆಗಿದೆಯಾ? ನಮ್ಮ ಕಾರೂ ಹಬ್ಬದಿಂದ ಇಲ್ಲಿ ತೆರೆಯುತ್ತಿಲ್ಲ ರೀ. ಬೀದಿ ಕೊನೆಗೆ ಹೋದರೆ ಸರಿಯಾಗುತ್ತದೆ. ಅದಕ್ಕೇ ಅಲ್ಲೇ ನಿಲ್ಲಿಸುತ್ತಿದ್ದೇನೆ."

ಟೀಚರಮ್ಮನ ಕೀಯನ್ನು ವ್ಯಾಪಾರಿಯ ಡ್ರೈವರ್ ಮುಟ್ಟಿಯೂ ಇರಲಿಲ್ಲ.

ಅದೇ ಹೊತ್ತಿಗೆ ವೈರಿಂಗ್ ಕೆಲಸದವನು ಬಂದ. ಬಂದವರೆಲ್ಲ ಗೇಟು ಬಡಿಯುತ್ತಾರೆ, ನನಗೆ ಕೇಳುವುದಿಲ್ಲ ಎಂದು ಹೆಂಡತಿ ಬೆಲ್ಲು ರಿಪೇರಿಗೆ ಅವನನ್ನು ಕರೆಸಿದ್ದಳು. ಅವನು ಕಂಬದ ಗುಂಡಿ ನೋಡಿದ. ಒಣಗಿ ಸಿಮೆಂಟಿನಂತಾದ ಗಂಧವನ್ನು ಸ್ಕ್ರೂಡ್ರೈವರಿನಲ್ಲಿ ಕೆರೆದ. ನಾಲ್ಕು ದಿನದಿಂದ ಒಳಗೆ ಕಚ್ಚಿಕೊಂಡಿದ್ದ ಗುಂಡಿ ಟಕ್ ಎಂದು ಹೊರಗೆ ಬಂತು. ವ್ಯಾಪಾರಿಯ ಬೆರಳು ಇನ್ನೂ ಕೀಯ ಮೇಲೇ ಇತ್ತು. ಸುಮ್ಮನೆ ಒತ್ತಿದ.

ಕುಂಯ್!

"ಅಯ್ಯಯ್ಯೋ, ಇದೇನಿದು!" ಅಂದ ವ್ಯಾಪಾರಿ.

"ಬೆಲ್ಲಿನ ಗುಂಡಿಯೂ ನಿಮ್ಮ ಕೀಯೂ ಗಾಳಿಯಲ್ಲಿ ಒಂದೇ ದಾರಿಯಲ್ಲಿ ಕೂಗುವಂಥವು ಸಾರ್. ಇದು ನಾಲ್ಕು ದಿನದಿಂದ ಉಸಿರು ಬಿಡದೆ ಕೂಗುತ್ತಿದೆ. ಇದರ ಗಲಾಟೆಯಲ್ಲಿ ಕೀಯ ಮಾತು ಕಾರಿಗೆ ಕೇಳುವುದು ಹೇಗೆ?"

"ಬೆಲ್ಲು ನಾನು ಅವತ್ತೇ ಕಿತ್ತು ಹಾಕಿದೆನಲ್ಲಪ್ಪ!"

"ನೀವು ಕಿತ್ತದ್ದು ಸದ್ದು ಮಾಡುವ ಪೆಟ್ಟಿಗೆಯನ್ನು. ಅದನ್ನು ಕಿತ್ತರೆ ನಿಮಗೆ ಕೇಳಿಸುವುದು ನಿಲ್ಲುತ್ತದೆ ಅಷ್ಟೇ. ಕೂಗುತ್ತಿದ್ದದ್ದು ಇಲ್ಲಿ, ಗುಂಡಿ."

ವ್ಯಾಪಾರಿ ಕೆಳಗೆ ಬಿದ್ದ ಒಣಗಿದ ಗಂಧದ ಹಕ್ಕಳೆಯನ್ನು ನೋಡಿದ. ಅದರ ಮೇಲೆ ಒಂದು ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಇತ್ತು. ಯಾರದೆಂದು ಅವನು ಕೇಳಬೇಕಾಗಿರಲಿಲ್ಲ.

ಆ ಕ್ಷಣವೇ ಕಾರು ಹತ್ತಿ ಡ್ರೈವರ್ ಮನೆಗೆ ಹೋದ. ಕೆಟ್ಟವನಲ್ಲ ಎಂದು ಮೊದಲೇ ಹೇಳಿದೆನಲ್ಲ, ತಪ್ಪು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಲಿಲ್ಲ. ಬೆಲ್ಲು, ಗಂಧ, ಗುಂಡಿ, ಎಲ್ಲ ಹೇಳಿದ. "ನನ್ನದೇ ತಪ್ಪು ಕಣಪ್ಪ, ಬಾ" ಅಂದ. ಡ್ರೈವರ್ ಕೂರಲು ಕುರ್ಚಿ ಕೊಟ್ಟ, ಕಾಫಿ ತರಿಸಿದ, ಕತೆ ಕೇಳಿ ನಕ್ಕ ಕೂಡ. ವ್ಯಾಪಾರಿ ಲೋಟ ಕೆಳಗಿಡುವವರೆಗೂ ಕಾದು ಆಮೇಲೆ ಮಾತಾಡಿದ.

"ಕೀ ಮೇಲಿನ ಅನುಮಾನ ಹೋಗಲು ನೀವು ಸೆಲ್ಲು ಬದಲಾಯಿಸಿದಿರಿ, ಇನ್ನೊಂದು ಕೀ ತೆಗೆದಿರಿ, ಬ್ಯಾಟರಿ ಬದಲಾಯಿಸಿದಿರಿ, ಶೋರೂಮಿಗೆ ಹೋದಿರಿ. ನನ್ನ ವಿಷಯದಲ್ಲಿ ಏನನ್ನೂ ನೋಡಲಿಲ್ಲ ಯಜಮಾನ್ರೆ. ನಾನು ಬರೋದಿಲ್ಲ."

ವ್ಯಾಪಾರಿ ಕಾರಿನ ಹತ್ತಿರ ಬಂದು ಗುಂಡಿ ಒತ್ತಿದ. ಒಂದೇ ಸಲಕ್ಕೆ ಕುಂಯ್ ಅಂತು. ಅವನಿಗೆ ಅಳು ಬಂತು.

ಸ್ವಾಮಿಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಕತೆ ಎಲ್ಲಿಗೆ ಬಂದು ನಿಂತಿತೆಂದು ಗೊತ್ತಾಗಿತ್ತು. ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ. ಅವನ ದನಿ ಏರಿತು.

"ವ್ಯಾಪಾರಿಯ ಹಾಗೆ ನಾನೇನೂ ಮಾಡುತ್ತಿಲ್ಲ ಬುದ್ಧಿ. ಉಪ್ಪಿನ ದಿನ ಬೈದದ್ದು ನಿಜ. ಅಲ್ಲಿಗೆ ಮುಗಿಸಿದೆ. ಆಮೇಲೆ ಚನಮಲ್ಲಪ್ಪನಿಗೆ ಒಂದು ಬಿರುಸು ಮಾತು ಆಡಿದ್ದರೆ ಕೇಳಿ. ಅಕ್ಕಿ ಎಷ್ಟು, ಬೇಳೆ ಎಷ್ಟು, ಕೆಲಸಕ್ಕೆ ಬೇಕಾದಷ್ಟೇ ಹೇಳುತ್ತೇನೆ. ಹದಿನೈದು ದಿನದಿಂದ ನನ್ನ ಸಿಟ್ಟು ಯಾರ ಕಿವಿಗೂ ಬಿದ್ದಿಲ್ಲ."

ಸ್ವಾಮಿಗಳು ಎದ್ದು ನಿಂತು ಹೇಳಿದರು:

"ಆ ಮನೆಯಲ್ಲಿ ಬೆಲ್ಲೂ ಯಾರ ಕಿವಿಗೂ ಬೀಳುತ್ತಿರಲಿಲ್ಲ, ಮರುಳಯ್ಯ."