ಮೊಲದ ಬಲ್ಬು ಕಿತ್ತ ನರಿ

ಒಂದು ಕಾಡಿನಲ್ಲಿ ಕರೆಂಟಿತ್ತು. ನಗಬೇಡಿ, ನಿಜವಾಗಿಯೂ ಇತ್ತು! ಯಾರೋ ಬಿಟ್ಟುಹೋಗಿದ್ದ ಸೋಲಾರ್ ಬ್ಯಾಟರಿ, ಸುರುಳಿಗಟ್ಟಲೆ ವೈರು, ಮೂರು ಬಲ್ಬು ಪ್ರಾಣಿಗಳಿಗೆ ಸಿಕ್ಕಿದ್ದವು. "ವೈರಿಂಗ್ ಕೆಲಸ ನನಗೆ ಬಿಡಿ," ಎಂದು ನರಿ ಮುಂದೆ ಬಂತು.

ನರಿ ಒಂದೇ ವೈರು ಎಳೆಯಿತು. ಅದು ಬ್ಯಾಟರಿಯಿಂದ ಮೊದಲು ನರಿಯ ಬಲ್ಬಿಗೆ, ಅಲ್ಲಿಂದ ಮೊಲದ ಬಲ್ಬಿಗೆ, ಆಮೇಲೆ ಮುಳ್ಳುಹಂದಿಯ ಬಲ್ಬಿಗೆ ಹೋಗಿ ಮತ್ತೆ ಬ್ಯಾಟರಿಗೆ ಸೇರಿತು. 'ಕರೆಂಟು ಮೊದಲು ನನ್ನ ಮನೆಗೇ ಬರುತ್ತದೆ. ನಾನು ಬಳಸಿ ಮಿಕ್ಕಿದ್ದು ಅವರಿಗೆ,' ಎಂಬುದು ಅದರ ಲೆಕ್ಕಾಚಾರ. ಆದರೆ ಮೂರೂ ಬಲ್ಬುಗಳು ಒಂದೇ ಸಮ ಮಂಕಾಗಿ ಉರಿದವು.

ಮೊಲಕ್ಕೆ ಪುಟ್ಟ ಮರಿಗಳಿದ್ದವು. "ನರಿಯಣ್ಣಾ, ಇಲ್ಲಿ ಹಾವು ಓಡಾಡುತ್ತೆ. ಈ ಬೆಳಕಲ್ಲಿ ಹತ್ರ ಬಂದ್ರೂ ಕಾಣಲ್ಲ," ಎಂದಿತು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ ತಾಯಿ," ಎಂದ ನರಿ ಒಳಗೊಳಗೇ ಉರಿದುಕೊಂಡಿತು. 'ನನ್ನ ಬೆಳಕು ತಿನ್ನುತ್ತಿರುವುದು ಇದೇ. ಇದರ ಬಲ್ಬು ಕಿತ್ತರೆ ಇದರ ಪಾಲೂ ನನಗೇ!'

ಕತ್ತಲು ದಟ್ಟವಾಗುತ್ತಿದ್ದಂತೆ ನರಿ ಕಳ್ಳಹೆಜ್ಜೆ ಇಟ್ಟು ಬಂದು, ಮೊಲದ ಬಿಲದ ಬಾಯಲ್ಲಿದ್ದ ಬಲ್ಬನ್ನು ತಿರುಗಿಸಿ ಕಿತ್ತಿತು. ಮೂರೂ ಮನೆ ಕಗ್ಗತ್ತಲು! ಕರೆಂಟಿಗಿದ್ದ ಒಂದೇ ದಾರಿ ಅಲ್ಲಿ ತುಂಡಾಗಿತ್ತಲ್ಲ, ಅದು ಯಾರ ಮನೆಗೂ ಹೋಗಲಿಲ್ಲ. ನರಿ ಗಾಬರಿಯಾಗಿ ತಡಕಾಡಿತು. ತರಗೆಲೆಗಳು ಸರಸರ ಎಂದವು.

"ಹಾವು! ಮುಳ್ಳಂದಿ ಮಾವಾ, ಓಡಿ ಬನ್ನಿ!" ಪಾಪ, ಮೊಲ ಮರಿಗಳನ್ನು ಅವುಚಿಕೊಂಡು ಚೀರಿತು. ಮುಳ್ಳುಹಂದಿ ಮುಳ್ಳು ನಿಮಿರಿಸಿಕೊಂಡು ಹಿಮ್ಮುಖವಾಗಿ ನುಗ್ಗಿತು. ಮುಳ್ಳುಗಳು ಹೋಗಿ ನಾಟಿದ್ದು ನರಿಯ ಮೂತಿಗೆ!

"ಅಯ್ಯಯ್ಯೋ, ನಾನು ಕಣೋ ನರಿ! ಮುಳ್ಳು ಕೀಳೋ!"

"ಈ ಕತ್ತಲಲ್ಲಿ ಹೇಗೆ ಕೀಳಲಿ? ನಿನ್ನ ಕಣ್ಣಿಗೇ ಕೈ ಹಾಕಿಬಿಟ್ರೆ?" ಎಂದಿತು ಮುಳ್ಳುಹಂದಿ.

ಬೇರೆ ದಾರಿಯಿರಲಿಲ್ಲ. ನರಿ ಅಳುತ್ತಾ ಮೊಲದ ಬಲ್ಬನ್ನು ತಾನೇ ಮತ್ತೆ ಹಾಕಿತು. ಮೂರೂ ಮನೆಗೆ ಬೆಳಕು ಬಂತು, ಕಳ್ಳನ ಮುಖವೂ ಎಲ್ಲರಿಗೂ ಕಂಡಿತು. ಆ ಬೆಳಕಿನಲ್ಲಿ ಮುಳ್ಳುಹಂದಿ ಒಂದೊಂದಾಗಿ ಮುಳ್ಳು ಕಿತ್ತಿತು.

ಮರುದಿನ ಗೂಡು ನೇಯುವ ಗೀಜಗ ಹಕ್ಕಿ ಬಂದು ವೈರನ್ನೆಲ್ಲ ಬಿಚ್ಚಿತು. ಬ್ಯಾಟರಿಯಿಂದ ಪ್ರತಿ ಮನೆಗೂ ಹೋಗಲೊಂದು, ಬರಲೊಂದು ವೈರು ಬೇರೆಬೇರೆಯಾಗಿ ಎಳೆಯಿತು. ಮೂರೂ ಬಲ್ಬುಗಳು ಝಗ್ಗೆಂದವು. "ಬ್ಯಾಟರಿ ಬೇಗ ಮುಗಿಯುತ್ತೆ, ಬೇಡದಾಗ ಆರಿಸ್ಕೊಳ್ಳಿ. ಒಬ್ಬರದು ಆರಿದ್ರೆ ಇನ್ನೊಬ್ಬರದು ಆರಲ್ಲ," ಎಂದಿತು.

ಮೂತಿ ಊದಿಸಿಕೊಂಡು ಕುಳಿತಿದ್ದ ನರಿಗೆ ಮೊಲ ಹೇಳಿತು: "ಈಗ ನನ್ನ ಬಲ್ಬು ಕಿತ್ರೂ ನಿನ್ನದು ಉರಿಯುತ್ತೆ ನರಿಯಣ್ಣಾ. ಆದ್ರೆ ಇನ್ನೊಂದ್ಸಲ ಮುಳ್ಳು ಕೀಳೋಕೆ ಮಾತ್ರ ಯಾರೂ ಬರಲ್ಲ!"

ನೀತಿ: ಇನ್ನೊಬ್ಬರ ಪಾಲು ಕಿತ್ತುಕೊಳ್ಳಲು ಹೋದವನು ತನ್ನ ಪಾಲನ್ನೂ ಕಳೆದುಕೊಳ್ಳುತ್ತಾನೆ.