ಗೌಡರ ತಲೆ ತಟ್ಟಿದ ಕುಂಬಾರಗಿತ್ತಿ

"ಗುರುಗಳೇ, ನಾಳೆ ಮಠದ ಸಭೆಯಲ್ಲಿ ನಾನು ಮಾತನಾಡಬೇಕು. ಈಗಲೇ ನಾಲಗೆ ಒಣಗುತ್ತಿದೆ. ಈ ಹೆದರಿಕೆ ಹೋಗುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬಳು ಕುಂಬಾರಗಿತ್ತಿ ಇದ್ದಳು. "ಅತ್ತಿಗೆ ಸಭೆಯಲ್ಲಿ ಬಾಯಿ ತೆರೆದರೆ ನಾನು ತಲೆ ಬೋಳಿಸಿಕೊಳ್ಳುತ್ತೇನೆ" ಎಂದು ಅವಳ ಮೈದುನ ಓಣಿಯ ತುಂಬ ಹೇಳಿಕೊಂಡು ತಿರುಗಿದ. ಗಂಡ ಸತ್ತ ಮೇಲೆ, ಯಾರೂ ಕಲಿಸದೆ, ಮೂರು ವರ್ಷ ಸೊಟ್ಟ ಮಡಕೆ ಮಾಡಿ ನಾಲ್ಕನೆಯ ವರ್ಷ ನೆಟ್ಟಗಿನದು ಮಾಡಿದ ಹೆಂಗಸು ಅವಳು. ಈಗ ಊರವರು ಕೆರೆಯಂಚಿನ ಮಣ್ಣಿನ ಗುಂಡಿ ಮುಚ್ಚಿ ಕಣ ಮಾಡಲು ಹೊರಟಿದ್ದರು. ಮಣ್ಣು ಹೋದರೆ ಮಡಕೆ ಮಾಡುವ ತಿಗರಿ ನಿಂತಂತೆಯೇ. ಬೇಡ ಎನ್ನುವವರು ಸಭೆಯಲ್ಲಿ ತಾವೇ ಎದ್ದು ಹೇಳಬೇಕು, ಬೇರೆಯವರಿಂದ ಹೇಳಿಸುವಂತಿಲ್ಲ. ಅದು ಆ ಊರಿನ ಕಟ್ಟಳೆ.

ಅವಳು ಡಂಗುರ ಸಾರುವ ಮುದುಕನ ಬಳಿ ಹೋದಳು. ಮಾತನಾಡಿ ತೋರಿಸು ಎಂದ. ಅವಳ ಬಾಯಿಂದ ಬರೀ ಗಾಳಿ ಬಂತು. ಮಡಕೆಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಊರವರ ಹೆಸರಿಟ್ಟು, ಅವುಗಳ ಮುಂದೆ ದಿನವೂ ಮಾತನಾಡು ಎಂದು ಮುದುಕ ಹೇಳಿಕೊಟ್ಟ. ಹೊಟ್ಟೆ ದಪ್ಪಗಿದ್ದ ನೀರಿನ ಹರವಿ ಊರ ಗೌಡರಾಯಿತು. ಮೈದುನನಿಗೆ ಒಂದು ಮುಚ್ಚಳ ಸಾಕಾಯಿತು. ಮೂರನೆಯ ದಿನ ದನಿ ಬಂತು. ಏಳನೆಯ ದಿನ ಅವಳು ಹರವಿಯನ್ನು ಗದರಿಸುತ್ತಿದ್ದಳು. ಮುದುಕನಿಗೆ ಸಮಾಧಾನವಾಯಿತು.

ಒಂದನ್ನು ಮಾತ್ರ ಇಬ್ಬರೂ ಗಮನಿಸಲಿಲ್ಲ. ಕುಂಬಾರರ ಕೈ ಮಡಕೆಯನ್ನು ತಟ್ಟದೆ ಮುಂದೆ ಹೋಗುವುದಿಲ್ಲ. ಬಿರುಕು ಬಿಟ್ಟಿದೆಯೇ, ಸರಿಯಾಗಿ ಬೆಂದಿದೆಯೇ ಎಂದು ಅದರ ದನಿಯೇ ಹೇಳಬೇಕು.

ಸಭೆ ಸೇರಿತು. ಅವಳು ಎದ್ದಳು. ಎದುರಿಗೆ ಕಂಡದ್ದೆಲ್ಲ ಮಡಕೆಗಳೇ. ನೀವು ಕುಡಿಯುವ ನೀರು, ಹೆಪ್ಪು ಹಾಕುವ ಹಾಲು, ಎಲ್ಲ ಇರುವುದು ಆ ಗುಂಡಿಯ ಮಣ್ಣಿನಲ್ಲೇ ಎಂದು ಹೇಳುತ್ತ ಸಾಲಿನ ಮುಂದೆ ನಡೆದಳು. ಗೌಡರು ಸೆಖೆಗೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅವಳು ಬಗ್ಗಿ, ಬೆರಳು ಮಡಚಿ, ಅವರ ನೆತ್ತಿಯ ಮೇಲೆ ಎರಡು ಸಲ ತಟ್ಟಿ, ಕಿವಿಗೊಟ್ಟಳು.

ಮುದುಕ ಕಂಬದ ಹಿಂದೆ ಸರಿದ. ಇಲ್ಲಿಂದ ಮುಂದಕ್ಕೆ ಅವನು ಏನನ್ನೂ ಕಲಿಸಿರಲಿಲ್ಲ. ಗುಂಡಿ ಹೋಯಿತು ಎಂದುಕೊಂಡಳು ಕುಂಬಾರಗಿತ್ತಿ.

"ಏನಮ್ಮ ಇದು?" ಎಂದರು ಗೌಡರು.

"ಕೈಯ ಅಭ್ಯಾಸ, ಗೌಡರೇ. ಹೆದರಿಕೆ ಹೋಗಲಿ ಅಂತ ನಿಮ್ಮನ್ನು ಹರವಿ ಅಂದುಕೊಂಡು ಕಲಿತೆ."

ಗೌಡರು ನೆತ್ತಿ ಸವರಿಕೊಂಡರು. "ಸರಿ. ಬೆಂದಿದೆಯೋ, ಹಸಿಯೋ?"

"ಅದನ್ನು ನಿಮ್ಮ ತೀರ್ಪು ಕೇಳಿದ ಮೇಲೆ ಹೇಳುತ್ತೇನೆ."

ಮೊದಲು ನಕ್ಕವರು ಗೌಡರೇ. ಕಣಕ್ಕೆ ಬೇರೆ ಜಾಗ ಹುಡುಕಿದರು.

ಗುಂಡಿ ಈಗ ಅವಳದು. ಅದಕ್ಕೆ ತೆತ್ತದ್ದು ಏಳು ದಿನದ ಕೆಲಸ ಮತ್ತು ಮೈದುನನ ತಲೆಗೂದಲು. ಆ ಬೋಳುತಲೆ ಎದುರಾದಾಗಲೆಲ್ಲ ಅವಳು ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ.

ಶಿಷ್ಯ ನಕ್ಕ. "ಹಾಗಾದರೆ ನಾನೂ ಸಭೆಯವರನ್ನು ಮಡಕೆ ಅಂದುಕೊಂಡರೆ ಸಾಕು."

ಗುರು ಕೇಳಿದರು: "ಅವಳಿಗೆ ಮಣ್ಣು ಬೇಕಿತ್ತು, ನಾಳೆ ನಿನಗೆ ಏನು ಬೇಕು?"